ಒಂದು ದೀಪದ ಮನೆ, ಹತ್ತು ದೀಪದ ಮನೆ

ಹದಿಹರೆಯದ ಮಕ್ಕಳನ್ನು ಕುರಿತು ಹಿರಿಯರು ಆಡುವ ಆಕ್ಷೇಪಣೆಗಳು ಎಲ್ಲ ಕಾಲದಲ್ಲಿಯೂ ಉಂಟು. ಆದರೆ ಇಂದಿನ ಮನೆಗಳಲ್ಲಿ ಕೇಳಿಬರುವ ಆಕ್ಷೇಪಣೆಗಳನ್ನು ಸ್ವಲ್ಪ ಸಾವಧಾನದಿಂದ ವಿಂಗಡಿಸಿ ನೋಡಿದರೆ, ಅವುಗಳಲ್ಲಿ ಬಹುಪಾಲು ಎರಡು ಮಾತುಗಳಿಗೆ ಬಂದು ನಿಲ್ಲುವುವು. ಒಂದು: "ರಾತ್ರಿ ಹನ್ನೆರಡಾದರೂ ಮಲಗುವುದಿಲ್ಲ, ಬೆಳಗಾದರೆ ಏಳುವುದಿಲ್ಲ." ಇನ್ನೊಂದು: "ಮನೆಯಲ್ಲಿದ್ದರೂ ಇಲ್ಲದಂತೆಯೇ; ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಊಟಕ್ಕೆ ಕರೆದಾಗಲೇ ಮುಖ ಕಾಣುವುದು." ಮೊದಲನೆಯದು ಹೊತ್ತಿನ ಮಾತು, ಎರಡನೆಯದು ಠಾವಿನ ಮಾತು. ಎರಡಕ್ಕೂ ಹಿರಿಯರು ಹೇಳುವ ಕಾರಣ ಮಾತ್ರ ಒಂದೇ: ಕಾಲ ಕೆಟ್ಟಿತು, ಮಕ್ಕಳಲ್ಲಿ ಶಿಸ್ತು ಹೋಯಿತು.

ಈ ತೀರ್ಪನ್ನು ನಾವು ಒಪ್ಪಲಾರೆವು. ಮೂರು ತಲೆಮಾರುಗಳಲ್ಲಿ ಮನುಷ್ಯನ ಸ್ವಭಾವ ಅಷ್ಟೊಂದು ಬದಲಾಗುವುದಿಲ್ಲ. ಬದಲಾದದ್ದು ಆ ಸ್ವಭಾವ ಬೆಳೆಯುವ ಪರಿಸರ. ಆ ಪರಿಸರದಲ್ಲಿ ಎಲ್ಲಕ್ಕಿಂತ ಹೆಚ್ಚು ಬದಲಾಗಿಯೂ ಎಲ್ಲಕ್ಕಿಂತ ಕಡಿಮೆ ಗಮನಕ್ಕೆ ಬಂದಿರುವ ವಸ್ತು ಯಾವುದೆಂದರೆ ಸಂಜೆಯ ಬೆಳಕು. ಮನೆಯ ದೀಪ ಬದಲಾದುದರಿಂದ ಮನೆಯವರು ಕುಳಿತುಕೊಳ್ಳುವ ರೀತಿ ಬದಲಾಯಿತು. ಮಲಗುವ ಹೊತ್ತು ಬದಲಾಯಿತು. ಏಳಬೇಕಾದ ಹೊತ್ತನ್ನು ಮಾತ್ರ ನಾವು ಮುಂದಕ್ಕೆ ಹಾಕುವುದಿರಲಿ, ಇನ್ನೂ ಹಿಂದಕ್ಕೆ ಎಳೆದಿದ್ದೇವೆ. ಇದರ ಪರಿಣಾಮವನ್ನು ಅನುಭವಿಸುತ್ತಿರುವವರು ಹದಿಮೂರರಿಂದ ಹತ್ತೊಂಬತ್ತು ವರ್ಷದೊಳಗಿನವರು. ಇದನ್ನು ವಿವರಿಸಿ, ಕೊನೆಯಲ್ಲಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ದೀಪದ ಸುತ್ತ ಮನೆ

ಸೀಮೆಎಣ್ಣೆಯ ಬುಡ್ಡಿ ದೀಪವೊಂದು ಸುಮಾರು ಒಂದು ಮೇಣದ ಬತ್ತಿಯಷ್ಟು ಬೆಳಕು ಕೊಡುವುದೆಂದು ಇಟ್ಟುಕೊಳ್ಳೋಣ. ಅದರಿಂದ ಒಂದು ಮೀಟರು ದೂರದಲ್ಲಿ ಹಿಡಿದ ಪುಸ್ತಕದ ಮೇಲೆ ಬೀಳುವ ಪ್ರಕಾಶ ಸುಮಾರು ಒಂದು ಲಕ್ಸ್. ದೂರ ಎರಡರಷ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಇದೇ ವಿಲೋಮ ವರ್ಗ ನಿಯಮ. ಹತ್ತಿರ ಸರಿದು ಅರ್ಧ ಮೀಟರಿನಲ್ಲಿ ಕುಳಿತರೆ ನಾಲ್ಕು ಲಕ್ಸ್ ದೊರೆಯುವುದು. ಇಂದು ಓದುವ ಮೇಜಿನ ಮೇಲೆ ೩೦೦ ಲಕ್ಸ್ ಇರಬೇಕೆಂದು ಹೇಳುವುದು ವಾಡಿಕೆ ಎಂಬುದನ್ನು ನೆನೆದರೆ, ನಮ್ಮ ಅಜ್ಜಂದಿರು ಎಂಥ ಬೆಳಕಿನಲ್ಲಿ ಮಗ್ಗಿ ಬರೆದರೆಂಬುದು ತಿಳಿಯುವುದು.

ಈ ನಿಯಮ ಪಾಠಪುಸ್ತಕದಲ್ಲಿ ಒಂದು ಸಾಲಿನ ಸೂತ್ರ. ಆ ಕಾಲದ ಮನೆಯಲ್ಲಿ ಅದು ಕುಟುಂಬದ ಆಸನವ್ಯವಸ್ಥೆಯನ್ನೇ ನಿರ್ಧರಿಸುತ್ತಿತ್ತು. ಬೆಳಕು ಬೇಕಾದವರೆಲ್ಲರೂ ದೀಪದ ಬಳಿಗೆ ಬರಬೇಕು, ಬೇರೆ ದಾರಿಯಿಲ್ಲ. ಪಡಸಾಲೆಯ ಲಾಟೀನಿನ ಸುತ್ತ ಒಬ್ಬ ಹುಡುಗ ಲೆಕ್ಕ ಮಾಡುತ್ತಿರುವನು. ಅವನ ಪಕ್ಕದಲ್ಲಿ ಅಜ್ಜಿ ಬತ್ತಿ ಹೊಸೆಯುತ್ತಿರುವಳು. ತಂದೆ ನೆರೆಯವರೊಡನೆ ಗೇಣಿಯ ಮಾತು, ಸಾಲದ ಮಾತು, ಸೋದರಿಯ ಮದುವೆಯ ಮಾತು ಆಡುತ್ತಿರುವನು. ಹುಡುಗನ ಕಣ್ಣು ಸ್ಲೇಟಿನ ಮೇಲಿದ್ದರೂ ಕಿವಿ ಈ ಮಾತುಗಳ ಮೇಲೆಯೇ. ಮನೆಯ ಕಷ್ಟಸುಖ ಅವನಿಗೆ ಯಾರೂ ಪಾಠ ಹೇಳದೆಯೇ ತಿಳಿದುಬರುತ್ತಿತ್ತು. ಎಣ್ಣೆಗೆ ದುಡ್ಡು ಕೊಡಬೇಕಾದುದರಿಂದ ಊಟವಾದ ಸ್ವಲ್ಪ ಹೊತ್ತಿಗೆ ದೀಪ ಸಣ್ಣದಾಗುತ್ತಿತ್ತು. ಎಂಟು, ಒಂಬತ್ತು ಗಂಟೆಗೆ ಮನೆಯೆಲ್ಲವೂ ಮಲಗುತ್ತಿತ್ತು.

ಇದನ್ನು ಓದಿದವರು ನಾವು ಹಳೆಯ ಕಾಲವನ್ನು ಹೊಗಳಲು ಹೊರಟಿದ್ದೇವೆಂದು ಭಾವಿಸಬಾರದು. ಆ ದೀಪದ ಹೊಗೆ ಎಲ್ಲರ ಶ್ವಾಸಕ್ಕೂ ಸೇರುತ್ತಿತ್ತು. ಗುಡಿಸಲಿಗೆ ಬೆಂಕಿ ಬೀಳುವುದೂ ಅಪರೂಪವಾಗಿರಲಿಲ್ಲ. ಅದಕ್ಕಿಂತ ಮುಖ್ಯವಾದುದೆಂದರೆ, ಆ ದೀಪದ ಹತ್ತಿರದ ಸ್ಥಾನ ಎಲ್ಲರಿಗೂ ಸಮವಾಗಿ ಸಿಕ್ಕುತ್ತಿರಲಿಲ್ಲ. ಪುಸ್ತಕ ಹಿಡಿದ ಹುಡುಗನಿಗೆ ಪಡಸಾಲೆಯ ಲಾಟೀನು. ಅವನ ಅಕ್ಕನಿಗೆ ಅಡುಗೆಮನೆಯ ಒಲೆಯ ಉರಿಯೇ ಬೆಳಕು. ೧೯೫೧ರ ಜನಗಣತಿಯಲ್ಲಿ ನಮ್ಮ ದೇಶದ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ೨೦೧೧ರಲ್ಲಿ ಕರ್ನಾಟಕದ ಹೆಂಗಸರಲ್ಲಿ ಈ ಸಂಖ್ಯೆ ನೂರಕ್ಕೆ ೬೮. ಒಂದು ದೀಪದ ಮನೆಯನ್ನು ನೆನೆದು ನಿಟ್ಟುಸಿರು ಬಿಡುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಒಳ್ಳೆಯದು.

ಹದಿಹರೆಯವೆಂಬ ಹೊಸ ಪ್ರಾಯ

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಇಂದು ನಾವು 'ಹದಿಹರೆಯ' ಎಂದು ಕರೆಯುವ ಈ ದೀರ್ಘವಾದ ನಡುಗಾಲ ನಮ್ಮ ಹಿಂದಿನ ತಲೆಮಾರುಗಳಲ್ಲಿ ಬಹು ಮಂದಿಗೆ ಇರಲೇ ಇಲ್ಲ. ಮೈಸೂರು ಸಂಸ್ಥಾನದಲ್ಲಿ ೧೮೯೪ರಲ್ಲಿ ಬಾಲ್ಯವಿವಾಹ ನಿಷೇಧದ ಕಾನೂನನ್ನು ತಂದಾಗ ಅದು ತಡೆದದ್ದು ಎಂಟು ವರ್ಷಕ್ಕಿಂತ ಚಿಕ್ಕ ಹೆಣ್ಣುಮಕ್ಕಳ ಮದುವೆಯನ್ನು! ಅಷ್ಟು ಮಾತ್ರಕ್ಕೇ ಅದು ಆಗ ದೊಡ್ಡ ಸುಧಾರಣೆಯೆನಿಸಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ೧೯೨೯ರ ಶಾರದಾ ಕಾಯಿದೆ ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ವರ್ಷವೆಂದು ಗೊತ್ತುಮಾಡಿತು. ಸ್ವಾತಂತ್ರ್ಯಾನಂತರ, ೧೯೭೮ರ ತಿದ್ದುಪಡಿಯಿಂದ ಅದು ಹದಿನೆಂಟು ಮತ್ತು ಇಪ್ಪತ್ತೊಂದಾಯಿತು. ಹೆಣ್ಣುಮಗಳು ಹದಿಮೂರಕ್ಕೆ ಸೊಸೆಯಾಗಿ, ಗಂಡುಮಗ ಹದಿನಾಲ್ಕಕ್ಕೆ ನೇಗಿಲು ಹಿಡಿದು ನಿಂತರೆ, ಬಾಲ್ಯಕ್ಕೂ ಸಂಸಾರಕ್ಕೂ ನಡುವೆ ಉಳಿಯುವ ಕಾಲವೆಷ್ಟು? ಹಳೆಯ ಮನೆಗಳಲ್ಲಿ ಹದಿಹರೆಯದವರ ಸಮಸ್ಯೆ ಕಾಣದೆ ಹೋದುದಕ್ಕೆ ಮುಖ್ಯ ಕಾರಣ, ಆ ಮನೆಗಳಲ್ಲಿ ಹದಿಹರೆಯಕ್ಕೆ ಎಡೆಯೇ ಇಲ್ಲದಿದ್ದುದು.

ಶಾಲೆ ಬಂದಿತು, ಕಾನೂನು ಬಂದಿತು, ಮಕ್ಕಳ ಸಂಖ್ಯೆಯೂ ಇಳಿಯಿತು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ ಮಕ್ಕಳು ೧.೭. ಅಂದರೆ ಇಂದಿನ ಹುಡುಗನಿಗೋ ಹುಡುಗಿಗೋ ಮನೆಯಲ್ಲಿ ಒಬ್ಬರು ಒಡಹುಟ್ಟಿದವರು. ಇಲ್ಲವೆ ಯಾರೂ ಇಲ್ಲ. ಏಳೆಂಟು ವರ್ಷಗಳ ಸಿದ್ಧತೆಯ ಕಾಲ ದೊರೆಯಿತು. ಅದರ ಜೊತೆಗೆ ಆ ಕಾಲವನ್ನು ಒಬ್ಬರೇ ಕಳೆಯುವ ಏರ್ಪಾಡೂ ಆಯಿತು. ಈ ಸಿದ್ಧತೆಯ ಕಾಲ ನಮ್ಮ ಸಮಾಜ ಗಳಿಸಿದ ಆಸ್ತಿಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು. ಅದನ್ನು ಹೇಗೆ ಬಳಸುತ್ತಿದ್ದೇವೆಂಬುದೇ ಪ್ರಶ್ನೆ.

ಬೆಳಕು ಅಗ್ಗವಾದ ಕಥೆ

ದೀಪದ ಕಥೆಗೆ ಮರಳೋಣ. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು; ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. ಹಳ್ಳಿಗಳಿಗೆ ಅದು ಬಹು ನಿಧಾನವಾಗಿ, ಅನೇಕ ಕಡೆಗಳಲ್ಲಿ ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳ ತರುವಾಯ ಬಂದಿತು. ಬಂದಾಗಲೂ ಮೊದಲು ಬಂದದ್ದು ಮನೆಗೆ ಒಂದೇ ಬಲ್ಬು. ಬಡವರ ಮನೆಗಳಿಗಾಗಿ ನಮ್ಮ ರಾಜ್ಯ ಕೈಗೊಂಡ ಭಾಗ್ಯಜ್ಯೋತಿ ಯೋಜನೆ ಕೊಟ್ಟದ್ದೂ ಒಂದೇ ದೀಪವನ್ನು. ಆದುದರಿಂದ ವಿದ್ಯುತ್ತು ಬಂದೊಡನೆ ಕುಟುಂಬ ಚದರಿತೆಂದು ಹೇಳಲಾಗದು. ಬಲ್ಬಿನ ಕೆಳಗೆ ಮೊದಲಿಗಿಂತ ದೊಡ್ಡ ವೃತ್ತ ಏರ್ಪಟ್ಟಿತು, ಅಷ್ಟೆ.

ಬಾನುಲಿ ಮತ್ತು ದೂರದರ್ಶನಗಳೂ ಮೊದಮೊದಲು ಜನರನ್ನು ಕೂಡಿಸಿದುವೇ ಹೊರತು ಅಗಲಿಸಲಿಲ್ಲ. ಮೈಸೂರಿನಲ್ಲಿ ೧೯೩೫ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 'ಆಕಾಶವಾಣಿ'ಯನ್ನು ಆರಂಭಿಸಿದ ಮೇಲೆ ಬಹುಕಾಲದವರೆಗೆ ರೇಡಿಯೋ ಪೆಟ್ಟಿಗೆಯೆಂದರೆ ಕೇರಿಗೊಂದು. ೧೯೭೫–೭೬ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ಒದಗಿಸಿದ ಪ್ರಯೋಗದಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಗ್ರಾಮಗಳೂ ಸೇರಿದ್ದುವು. ಅಲ್ಲಿ ಊರಿಗೆಲ್ಲ ಒಂದೇ ಪೆಟ್ಟಿಗೆ. ೧೯೮೭–೮೮ರಲ್ಲಿ ರಾಮಾಯಣದ ಧಾರಾವಾಹಿಯನ್ನು ನೋಡಲು ಭಾನುವಾರ ಬೆಳಗ್ಗೆ ಒಂದು ಮನೆಯಲ್ಲಿ ಅಕ್ಕಪಕ್ಕದ ಹತ್ತು ಮನೆಗಳ ಜನ ಸೇರುತ್ತಿದ್ದುದು ಇಂದಿನ ತಂದೆತಾಯಿಗಳಿಗೆ ಚೆನ್ನಾಗಿ ನೆನಪಿರಬೇಕು. ಯಾವುದು ದುಬಾರಿಯೋ ಅದರ ಸುತ್ತ ಜನ ಸೇರುವರು. ಅದು ಅಗ್ಗವಾದೊಡನೆ ತಮ್ಮ ತಮ್ಮ ಪಾಲನ್ನು ತೆಗೆದುಕೊಂಡು ಬೇರೆಯಾಗುವರು.

ಈ ಅಗ್ಗವಾಗುವಿಕೆ ಎರಡು ಮೆಟ್ಟಿಲುಗಳಲ್ಲಿ ಒಂದರ ಹಿಂದೊಂದು ಬಂದಿತು. ನೀಲಿ ಬೆಳಕನ್ನು ಸೂಸುವ ಅರೆವಾಹಕ ದೀಪವನ್ನು ಸಾಧಿಸಿದ್ದಕ್ಕಾಗಿ ಅಕಸಾಕಿ, ಅಮಾನೊ, ನಕಾಮುರಾ ಎಂಬ ವಿಜ್ಞಾನಿಗಳಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಮರುವರ್ಷವೇ ಭಾರತ ಸರ್ಕಾರ ಉಜಾಲಾ ಯೋಜನೆಯಲ್ಲಿ ಎಲ್‌ಇಡಿ ಬಲ್ಬುಗಳನ್ನು ಕಡಿಮೆ ಬೆಲೆಗೆ ಹಂಚಲು ತೊಡಗಿತು. ನಮ್ಮ ರಾಜ್ಯದಲ್ಲಿ ಅದಕ್ಕೆ 'ಹೊಸ ಬೆಳಕು' ಎಂದು ಹೆಸರಾಯಿತು. ದೇಶದಲ್ಲಿ ಹೀಗೆ ಹಂಚಿದ ಬಲ್ಬುಗಳು ೩೬ ಕೋಟಿಗೂ ಹೆಚ್ಚು. ಹಳೆಯ ಅರವತ್ತು ವ್ಯಾಟಿನ ಬಲ್ಬಿನಷ್ಟು ಬೆಳಕನ್ನು ಇದು ಏಳರಿಂದ ಒಂಬತ್ತು ವ್ಯಾಟಿನಲ್ಲಿ ಕೊಡುವುದು. ಕೋಣೆ ಕೋಣೆಗೂ ದೀಪ ಉರಿಸಲು ಇನ್ನು ಅಡ್ಡಿಯೇನು? ೨೦೧೬ರಿಂದ ಮೊಬೈಲಿನ ಅಂತರಜಾಲವೂ ಅದೇ ರೀತಿ ಅಗ್ಗವಾಗಿ, ಕೋಣೆ ಕೋಣೆಯೊಳಗೂ ಒಂದೊಂದು ಊರೇ ಬಂದು ಕುಳಿತಿತು. ಹದಿನಾರರ ಹುಡುಗಿಯೊಬ್ಬಳು ಅಪ್ಪ ಅಮ್ಮ ಕುಳಿತಿರುವ ಹಜಾರಕ್ಕೆ ಬರಲು ಈಗ ಬೆಳಕಿನ ಅಗತ್ಯವೂ ಇಲ್ಲ, ಸುದ್ದಿಯ ಅಗತ್ಯವೂ ಇಲ್ಲ. ಹಿರಿಯರ ಎರಡನೆಯ ಆಕ್ಷೇಪಣೆಗೆ, ಅಂದರೆ ಕೋಣೆ ಸೇರುವ ಮಾತಿಗೆ, ಮೂಲ ಇದು.

ಮೈಯೊಳಗಿನ ಗಡಿಯಾರ

ಮೊದಲನೆಯ ಆಕ್ಷೇಪಣೆಯಾದ ಹೊತ್ತಿನ ಮಾತನ್ನು ಅರಿಯಬೇಕಾದರೆ ಸ್ವಲ್ಪ ಶರೀರಶಾಸ್ತ್ರ ಬೇಕು. ೧೭೨೯ರಲ್ಲಿ ಫ್ರಾನ್ಸಿನ ಖಗೋಳಜ್ಞ ದ ಮೇರಾನ್ ಎಂಬಾತ ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿರಿಸಿ ನೋಡಿದನು. ಸೂರ್ಯನನ್ನು ಕಾಣದಿದ್ದರೂ ಅದರ ಎಲೆಗಳು ಹಗಲಾದಾಗ ಬಿಚ್ಚಿ ಇರುಳಾದಾಗ ಮುಚ್ಚಿಕೊಂಡುವು. ಜೀವಿಗಳೊಳಗೇ ಒಂದು ಗಡಿಯಾರವಿದೆಯೆಂಬ ತಿಳಿವಳಿಕೆಗೆ ಅದು ನಾಂದಿ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುವುದೆಂದು ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನಲ್ಲಿ ಇದರ ಮುಖ್ಯ ಸ್ಥಾನ ಮಿದುಳಿನಲ್ಲಿ, ದೃಷ್ಟಿನರಗಳು ಒಂದನ್ನೊಂದು ದಾಟುವ ಎಡೆಯ ಮೇಲ್ಗಡೆ ಇದೆ. ಅದರ ಸಹಜ ಅವಧಿ ಸರಾಸರಿ ಇಪ್ಪತ್ತನಾಲ್ಕು ಗಂಟೆಗಿಂತ ಹತ್ತು ಹನ್ನೆರಡು ನಿಮಿಷ ಹೆಚ್ಚು. ನಿಧಾನ ನಡೆಯುವ ಗಡಿಯಾರವನ್ನು ದಿನವೂ ತಿರುಗಿಸಿ ಸರಿಪಡಿಸುವಂತೆ, ಈ ಗಡಿಯಾರವನ್ನು ದಿನವೂ ಸರಿಪಡಿಸುವುದು ಬೆಳಕು.

ಯಾವ ಬೆಳಕು? ನಮ್ಮ ಅಕ್ಷಿಪಟಲದಲ್ಲಿ ರೂಪವನ್ನೂ ಬಣ್ಣವನ್ನೂ ಕಾಣಿಸುವ ಕೋಶಗಳಲ್ಲದೆ, ಹೊತ್ತನ್ನು ಮಾತ್ರ ಗುರುತಿಸುವ ಇನ್ನೊಂದು ಬಗೆಯ ಕೋಶಗಳುಂಟೆಂದು ಈ ಶತಮಾನದ ಆರಂಭದಲ್ಲಿ ಸ್ಪಷ್ಟವಾಯಿತು. ಇವು ೪೮೦ ನ್ಯಾನೊಮೀಟರಿನ ಸುಮಾರಿನ ತರಂಗದೂರಕ್ಕೆ, ಎಂದರೆ ಹಗಲಿನ ಆಕಾಶದ ನೀಲಿಗೆ, ಬಹಳವಾಗಿ ಸ್ಪಂದಿಸುವುವು. ಸಂಜೆ ಈ ನೀಲಿ ಕುಗ್ಗಿದಾಗ ಮಿದುಳು ಇರುಳಾಯಿತೆಂದು ತಿಳಿದು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುವುದು; ನಿದ್ರೆಗೆ ಅದು ಕರೆ. ಪ್ರಖರವಾದ ಬೆಳಕು ಕಣ್ಣಿಗೆ ಬಿದ್ದರೆ ಈ ಕರೆ ತಡವಾಗುವುದು.

ಈಗ ದೀಪಗಳನ್ನು ಹೋಲಿಸೋಣ. ಮೇಣದ ಬತ್ತಿಯ ಜ್ವಾಲೆಯ ಬೆಳಕು ಸುಮಾರು ೧೯೦೦ ಕೆಲ್ವಿನ್ ಉಷ್ಣತೆಯ ಕಾಯದ ಬೆಳಕನ್ನು ಹೋಲುವುದು. ಅಂಥ ಕಾಯ ಸೂಸುವ ಶಕ್ತಿಯ ಶಿಖರ ಬೀಳುವುದು ಕಣ್ಣಿಗೆ ಕಾಣದ ಅವಕೆಂಪಿನಲ್ಲಿ. ಅದರಲ್ಲಿ ನೀಲಿಯ ಪಾಲು ಅತ್ಯಲ್ಪ. ಹಳೆಯ ಬಲ್ಬಿನ ತಂತಿಯೂ ೨೭೦೦ ಕೆಲ್ವಿನ್‌ಗಿಂತ ಬಹಳ ಮೇಲೇರಲಿಲ್ಲ. ಎಲ್‌ಇಡಿಯ ಬಗೆಯೇ ಬೇರೆ. ಅದರ ಹೃದಯದಲ್ಲಿರುವುದು ೪೫೦ ನ್ಯಾನೊಮೀಟರಿನ ಸುಮಾರಿನ ನೀಲಿ ದೀಪ. ಅದರ ಮೇಲೆ ಹಳದಿ ಬೆಳಕು ಸೂಸುವ ಒಂದು ಪುಡಿಯನ್ನು ಲೇಪಿಸಿ ಬಿಳಿಯ ಬೆಳಕನ್ನು ಪಡೆಯುವರು. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ ೬೫೦೦ ಕೆಲ್ವಿನ್‌ನ ತಣ್ಬಿಳಿ ಬಲ್ಬು ನಡು ಹಗಲನ್ನು ಅನುಕರಿಸುವಂಥದು. ರಾತ್ರಿ ಹತ್ತಕ್ಕೆ ಅದರ ಕೆಳಗೆ ಕುಳಿತ ಮನೆಯವರೆಲ್ಲರ ಮಿದುಳೂ ಇನ್ನೂ ಸಂಜೆಯಾಗಿಲ್ಲವೆಂದು ಭಾವಿಸಿದರೆ ಅದು ಮಿದುಳಿನ ತಪ್ಪಲ್ಲ.

ಹದಿಹರೆಯದವರಿಗೆ ಇದರ ಮೇಲೆ ಇನ್ನೊಂದು ಹೊರೆಯುಂಟು. ಪ್ರಾಯಕ್ಕೆ ಬರುವ ಕಾಲದಲ್ಲಿ ಮೈಯೊಳಗಿನ ಗಡಿಯಾರವೇ ಒಂದೆರಡು ಗಂಟೆ ಹಿಂದೆ ಬೀಳುವುದು. ಹತ್ತು ವರ್ಷದ ಮಗು ಒಂಬತ್ತಕ್ಕೆ ತೂಕಡಿಸಿದರೆ, ಅದೇ ಮಗು ಹದಿನಾರಾದಾಗ ಹನ್ನೊಂದಕ್ಕೆ ಮುಂಚೆ ಮಲಗಿದರೂ ನಿದ್ರೆ ಬಾರದು. ದಿನವೆಲ್ಲ ಎಚ್ಚರವಾಗಿದ್ದುದರಿಂದ ಕೂಡಿಬರುವ ನಿದ್ರೆಯ ಒತ್ತಡವೂ ಆ ವಯಸ್ಸಿನಲ್ಲಿ ನಿಧಾನವಾಗಿ ಏರುವುದು. ಇಪ್ಪತ್ತರ ಸುಮಾರಿಗೆ ಈ ಹಿಂಜರಿತ ಶಿಖರ ಮುಟ್ಟಿ ಮತ್ತೆ ಇಳಿಯತೊಡಗುವುದೆಂದು ಯೂರೋಪಿನಲ್ಲಿ ಸಹಸ್ರಾರು ಜನರ ನಿದ್ರೆಯ ಹೊತ್ತನ್ನು ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ಹಾಗಾದರೆ ಬೆಳಗ್ಗೆ ಏಳಲಾರದ ಹುಡುಗನನ್ನು ಸೋಮಾರಿಯೆನ್ನುವುದು, ಗಡ್ಡ ಮೂಡಿದ್ದಕ್ಕಾಗಿ ಅವನನ್ನು ಗದರಿಸಿದಂತೆಯೇ ಸರಿ.

ಆದರೆ ಎಲ್ಲ ದೋಷವನ್ನೂ ನೀಲಿ ಬೆಳಕಿನ ತಲೆಗೆ ಕಟ್ಟುವ ಈಚಿನ ಅಭ್ಯಾಸವನ್ನೂ ನಾವು ಒಪ್ಪುವುದಿಲ್ಲ. ಮೊಬೈಲಿನ ಪುಟ್ಟ ತೆರೆ ಕಣ್ಣಿಗೆ ಹಾಯಿಸುವ ಬೆಳಕು ಸಾಮಾನ್ಯವಾಗಿ ಕೋಣೆಯ ದೀಪಕ್ಕಿಂತ ಹೆಚ್ಚಿನದಲ್ಲ. ಅಲ್ಲಿ ನಿದ್ರೆಯನ್ನು ಕಸಿಯುವುದು ಬೆಳಕಿಗಿಂತ ಹೆಚ್ಚಾಗಿ ಅದರಲ್ಲಿ ಬರುವ ಸಂಗತಿಗಳು: ಮುಗಿಯದ ಚಿತ್ರಗಳು, ಉತ್ತರ ಬೇಡುವ ಗೆಳೆಯರು, ನಾಳಿನ ಪರೀಕ್ಷೆಯ ಪ್ರಶ್ನೆಗಳು. ಹಳದಿ ಕನ್ನಡಕವನ್ನು ಕೊಂಡುಕೊಟ್ಟು ಕರ್ತವ್ಯ ಮುಗಿಯಿತೆಂದುಕೊಳ್ಳುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಇನ್ನೊಂದು ಪ್ರಯೋಗವನ್ನೂ ಗಮನಿಸಬೇಕು. ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ ಕೆನೆತ್ ರೈಟ್ ಮತ್ತು ಸಂಗಡಿಗರು ಕೆಲವರನ್ನು ಒಂದು ವಾರ ಕಾಲ ಬೆಟ್ಟದ ತಪ್ಪಲಿನ ಗುಡಾರಗಳಲ್ಲಿ, ಸೂರ್ಯನ ಮತ್ತು ಶಿಬಿರದ ಬೆಂಕಿಯ ಬೆಳಕಿನಲ್ಲಿ ಮಾತ್ರ ಇರಿಸಿ, ೨೦೧೩ರಲ್ಲಿ ಫಲವನ್ನು ಪ್ರಕಟಿಸಿದರು. ಅವರ ಮೈಯೊಳಗಿನ ಗಡಿಯಾರ ಸುಮಾರು ಎರಡು ಗಂಟೆ ಮುಂದಕ್ಕೆ ಸರಿದಿತ್ತು. ಇರುಳಿನ ಕತ್ತಲೆಯಷ್ಟೇ ಹಗಲಿನ ಬಿಸಿಲೂ ಇದಕ್ಕೆ ಕಾರಣ. ನಮ್ಮ ಮಕ್ಕಳಿಗೆ ಈಗ ಎರಡೂ ದುರ್ಲಭ.

ಆರು ಗಂಟೆಯ ಅನ್ಯಾಯ

ಇಷ್ಟನ್ನೂ ತಿಳಿದ ಮೇಲೆ ಪದವಿಪೂರ್ವ ತರಗತಿಯ ಒಬ್ಬ ವಿದ್ಯಾರ್ಥಿಯ ದಿನಚರಿಯನ್ನು ನೋಡಿರಿ. ಬೆಳಗ್ಗೆ ಆರಕ್ಕೆ ಪ್ರವೇಶಪರೀಕ್ಷೆಯ ಕೋಚಿಂಗ್. ಅದಕ್ಕಾಗಿ ಐದಕ್ಕೆ ಏಳಬೇಕು. ಆಮೇಲೆ ಕಾಲೇಜು, ಸಂಜೆ ಮತ್ತೆ ಟ್ಯೂಷನ್, ರಾತ್ರಿ ಮನೆಯಲ್ಲಿ ಓದು. ಹನ್ನೊಂದೂವರೆಗೆ ನಿದ್ರೆ ಹತ್ತಿದರೆ ದೊರೆಯುವುದು ಐದೂವರೆ ಗಂಟೆಯ ನಿದ್ರೆ. ಹದಿಮೂರರಿಂದ ಹದಿನೆಂಟರವರಿಗೆ ಎಂಟರಿಂದ ಹತ್ತು ಗಂಟೆಯ ನಿದ್ರೆ ಬೇಕೆಂಬುದು ನಿದ್ರಾವೈದ್ಯರ ಮತ. ಎಂದರೆ ದಿನಕ್ಕೆ ಕನಿಷ್ಠ ಎರಡೂವರೆ ಗಂಟೆಯ ಸಾಲ. ಆರು ದಿನಗಳಿಗೆ ಹದಿನೈದು ಗಂಟೆ. ಭಾನುವಾರ ಹತ್ತರವರೆಗೆ ಮಲಗಿದ ಹುಡುಗ ಈ ಸಾಲದಲ್ಲಿ ಒಂದು ಕಂತನ್ನು ತೀರಿಸುತ್ತಿರುವನು. ಅಷ್ಟರಲ್ಲಿ ಮನೆಯವರು ಅವನಿಗೆ ಸುಪ್ರಭಾತ ಹಾಡುವರು.

ಇದಕ್ಕೆ ಭೂಗೋಳವೂ ತನ್ನ ಪಾಲನ್ನು ಸೇರಿಸುವುದು. ೧೯೦೬ರಿಂದ ನಮ್ಮ ಗಡಿಯಾರಗಳು ಅನುಸರಿಸುತ್ತಿರುವ ಭಾರತೀಯ ಪ್ರಮಾಣಕಾಲ ೮೨½ ಡಿಗ್ರಿ ಪೂರ್ವ ರೇಖಾಂಶದ್ದು. ಬೆಂಗಳೂರಿನ ರೇಖಾಂಶ ೭೭.೬. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಬೆಂಗಳೂರಿನ ಸೂರ್ಯ ನಮ್ಮ ಗಡಿಯಾರಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹಿಂದೆ. ಬೆಳಗಾವಿಯ ಸೂರ್ಯ ಮೂವತ್ತೆರಡು ನಿಮಿಷ ಹಿಂದೆ. ಜನವರಿ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಸೂರ್ಯೋದಯ ಆರೂ ಮುಕ್ಕಾಲರ ಸುಮಾರಿಗೆ, ಬೆಳಗಾವಿಯಲ್ಲಿ ಏಳರ ಮೇಲೆ. ಆರು ಗಂಟೆಯ ಪಾಠಕ್ಕೆ ಮಕ್ಕಳು ಹೊರಡುವುದು ಕಗ್ಗತ್ತಲೆಯಲ್ಲಿ. ಮೈಯೊಳಗಿನ ಗಡಿಯಾರವನ್ನು ಸರಿಪಡಿಸಬಲ್ಲ ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ಅವರು ಗೋಡೆಗಳ ನಡುವೆ ಇರುವರು.

"ನಮ್ಮ ಕಾಲದಲ್ಲಿ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದುತ್ತಿರಲಿಲ್ಲವೆ?" ಎಂದು ಹಿರಿಯರು ಕೇಳುವುದುಂಟು. ಓದುತ್ತಿದ್ದಿರಿ, ನಿಜ. ಆದರೆ ಹಿಂದಿನ ರಾತ್ರಿ ಎಂಟೂವರೆಗೆ ದೀಪ ಸಣ್ಣದಾಗಿರುತ್ತಿತ್ತು; ನಾಲ್ಕೂವರೆಗೆ ಎದ್ದರೂ ಎಂಟು ಗಂಟೆಯ ನಿದ್ರೆ ಆಗಿರುತ್ತಿತ್ತು. ಆ ಹುಡುಗನ ಪ್ರಾಯದ ಗಡಿಯಾರವೂ ಹಿಂದೆ ಬೀಳಲು ಬಯಸಿರಬಹುದು. ಅದಕ್ಕೆ ಒತ್ತಾಸೆ ಕೊಡುವ ಬೆಳಕು ಮನೆಯಲ್ಲಿರಲಿಲ್ಲ, ದಿನವೆಲ್ಲ ಬಿಸಿಲಿನಲ್ಲಿ ದುಡಿದ ಆಯಾಸವಿತ್ತು. ಅಜ್ಜನ ಏಳುವ ಹೊತ್ತನ್ನು ಮೊಮ್ಮಗನಿಗೆ ವಿಧಿಸಿ, ಅಜ್ಜನ ಮಲಗುವ ಹೊತ್ತನ್ನು ಅವನಿಂದ ಕಿತ್ತುಕೊಳ್ಳುವುದು ಲೆಕ್ಕದ ತಪ್ಪು.

ಬೇರೆ ದೇಶಗಳಲ್ಲಿ ಈ ತಪ್ಪನ್ನು ತಿದ್ದುವ ಪ್ರಯತ್ನ ನಡೆದಿದೆ. ಪ್ರೌಢಶಾಲೆಗಳು ಬೆಳಗ್ಗೆ ಎಂಟೂವರೆಗೆ ಮೊದಲು ಆರಂಭವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ೨೦೧೪ರಲ್ಲಿ ಸಲಹೆ ಮಾಡಿತು. ಸಿಯಾಟಲ್ ನಗರದಲ್ಲಿ ೨೦೧೬ರಲ್ಲಿ ಪ್ರೌಢಶಾಲೆಗಳನ್ನು ೭–೫೦ರಿಂದ ೮–೪೫ಕ್ಕೆ ಮುಂದೂಡಿದಾಗ, ಮಕ್ಕಳು ಇನ್ನಷ್ಟು ತಡವಾಗಿ ಮಲಗಿಯಾರೆಂದು ಹೆದರಿದವರ ಊಹೆ ಸುಳ್ಳಾಯಿತು. ಮಣಿಕಟ್ಟಿಗೆ ಕಟ್ಟಿದ ಉಪಕರಣದಿಂದ ಅಳೆದಾಗ ಅವರ ನಿದ್ರೆ ದಿನಕ್ಕೆ ೩೪ ನಿಮಿಷ ಹೆಚ್ಚಿದ್ದುದು ಕಂಡುಬಂದಿತು. ಕ್ಯಾಲಿಫೋರ್ನಿಯಾ ರಾಜ್ಯ ೨೦೧೯ರಲ್ಲಿ ಶಾಸನವನ್ನೇ ಮಾಡಿ ೨೦೨೨ರಲ್ಲಿ ಅದನ್ನು ಜಾರಿಗೆ ತಂದಿತು. ಅಲ್ಲಿಯ ಸ್ಥಿತಿಗತಿ ನಮ್ಮದಲ್ಲ. ಆದರೆ ಅಲ್ಲಿಯ ಹದಿಹರೆಯದವರ ಶರೀರಧರ್ಮ ನಮ್ಮ ಮಕ್ಕಳದಕ್ಕಿಂತ ಬೇರೆಯಲ್ಲ.

ನಮ್ಮ ಅಭಿಪ್ರಾಯ

ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಮೊದಲ ಗಂಟೆಯ ತರಗತಿಯೇ ಸಾಕ್ಷಿ. ಕಣ್ಣು ತೆರೆದು ಕುಳಿತು, ಬರೆಯುವುದನ್ನೂ ಬರೆದು, ಕೇಳಿದುದನ್ನು ನೆನಪಿಟ್ಟುಕೊಳ್ಳಲಾರದ ಮಕ್ಕಳನ್ನು ಅಲ್ಲಿ ಕಾಣುತ್ತೇವೆ. ಕಲಿತದ್ದು ನೆನಪಿನಲ್ಲಿ ನೆಲೆಯಾಗುವ ಕೆಲಸದಲ್ಲಿ ದೊಡ್ಡ ಭಾಗ ನಡೆಯುವುದು ನಿದ್ರೆಯಲ್ಲಿ. ನಿದ್ರೆಯನ್ನು ಕತ್ತರಿಸಿ ಪಾಠವನ್ನು ಹೆಚ್ಚಿಸುವುದೆಂದರೆ ತಳ ಒಡೆದ ಕೊಡಕ್ಕೆ ಇನ್ನಷ್ಟು ಬಿಂದಿಗೆ ನೀರು ಸುರಿದಂತೆ. ಆದುದರಿಂದ ಹದಿನೆಂಟು ತುಂಬದ ಮಕ್ಕಳಿಗೆ ಬೆಳಗ್ಗೆ ಎಂಟಕ್ಕೆ ಮೊದಲು ಯಾವ ಪಾಠವನ್ನೂ, ಅದು ಕಾಲೇಜಿನದಾಗಲಿ ಖಾಸಗಿ ಕೋಚಿಂಗಿನದಾಗಲಿ, ನಡೆಸಕೂಡದೆಂಬ ನಿಯಮ ಬರಬೇಕು. ಬಸ್ಸಿನ ವೇಳೆ ಹೊಂದುವುದಿಲ್ಲ, ಕಟ್ಟಡ ಎರಡು ಪಾಳಿಗೆ ಬೇಕು, ತಂದೆತಾಯಿ ಕಚೇರಿಗೆ ಹೋಗುವ ಮೊದಲು ಮಕ್ಕಳನ್ನು ಬಿಡಬೇಕು ಎಂಬ ತೊಡಕುಗಳನ್ನು ನಾವು ಬಲ್ಲೆವು. ಇವೆಲ್ಲವೂ ಮನುಷ್ಯರು ಮಾಡಿಕೊಂಡ ವೇಳಾಪಟ್ಟಿಗಳು. ಮನುಷ್ಯರು ಕುಳಿತು ತಿದ್ದಬಹುದಾದುವು. ಪ್ರಾಯದ ಗಡಿಯಾರವನ್ನು ತಿದ್ದುವುದು ಯಾವ ಸಮಿತಿಯಿಂದಲೂ ಆಗದು. ನಿಯಮ ಬರುವವರೆಗೂ ಕಾಯಬೇಕಾಗಿಲ್ಲ. ಆರು ಗಂಟೆಯ ತಂಡಕ್ಕೆ ಮಕ್ಕಳನ್ನು ಸೇರಿಸುವುದಿಲ್ಲವೆಂದು ತಂದೆತಾಯಿಗಳು ಒಟ್ಟಾಗಿ ಹೇಳಿದರೆ ಆ ತಂಡ ತಾನಾಗಿಯೇ ನಿಲ್ಲುವುದು.

ಇನ್ನುಳಿದ ಕೆಲಸ ಮನೆಯದು. ರಾತ್ರಿ ಊಟವಾದ ಮೇಲೆ ತಣ್ಬಿಳಿ ದೀಪಗಳನ್ನು ಆರಿಸಿ, ಹಜಾರದಲ್ಲಿ ಹಳದಿ ಬೆಳಕಿನ ಒಂದೇ ದೀಪವನ್ನು ಒಂದು ಗಂಟೆ ಕಾಲ ಉರಿಸಬಹುದು. ೨೭೦೦ ಕೆಲ್ವಿನ್‌ನ ಎಲ್‌ಇಡಿಗಳೂ ಅಂಗಡಿಯಲ್ಲಿ ದೊರೆಯುವುವು. ಆ ಗಂಟೆಯಲ್ಲಿ ಮೊಬೈಲುಗಳೆಲ್ಲ ಒಂದು ಕಡೆ ಇರಲಿ. ಎಲ್ಲವೂ ಎಂದರೆ ತಂದೆಯದೂ ತಾಯಿಯದೂ ಸೇರಿ. ತಾವು ತೆರೆಯಿಂದ ಕಣ್ಣೆತ್ತದೆ ಮಕ್ಕಳಿಗೆ ಮಾತ್ರ ಉಪದೇಶ ಮಾಡುವ ಹಿರಿಯರ ಮಾತು ನಡೆಯುವುದಿಲ್ಲ, ನಡೆಯಲೂ ಬಾರದು. ಬೆಳಗ್ಗೆ ಅರ್ಧ ಗಂಟೆಯಾದರೂ ಮಕ್ಕಳಿಗೆ ಬಿಸಿಲು ದೊರೆಯಲಿ. ಕಾಲೇಜಿಗೆ ನಡೆದು ಹೋಗಬಲ್ಲವರು ನಡೆದೇ ಹೋಗಲಿ.

ಆ ಒಂದು ಗಂಟೆಯಲ್ಲಿ ಏನು ಮಾತನಾಡಬೇಕು? ಅಂಕಗಳ ವಿಚಾರವನ್ನು ಬಿಟ್ಟು ಬೇರೆ ಏನನ್ನಾದರೂ. ಒಂದು ದೀಪದ ಮನೆಯಲ್ಲಿ ಹುಡುಗನಿಗೆ ಕೇಳಿಸುತ್ತಿದ್ದ ಗೇಣಿಯ ಮಾತು, ಸಾಲದ ಮಾತು, ಕಾಯಿಲೆಯ ಮಾತು ಇಂದಿನ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಓದುವ ಮಕ್ಕಳಿಗೆ ತೊಂದರೆಯಾದೀತೆಂದು ನಾವು ಮುಚ್ಚಿಡುತ್ತೇವೆ. ಹೀಗೆ ಮುಚ್ಚಿಟ್ಟು ಹದಿನೇಳು ವರ್ಷ ಬೆಳೆಸಿದ ಮೇಲೆ ಅವರಿಗೆ ಮನೆಯ ಹೊಣೆಯಿಲ್ಲವೆಂದು ದೂರುವುದು ನ್ಯಾಯವಲ್ಲ. ತಿಂಗಳ ವಿದ್ಯುತ್ತಿನ ಬಿಲ್ಲನ್ನು ಹದಿನೈದರ ಮಗಳ ಕೈಗೆ ಕೊಟ್ಟು, ಯಾವ ಉಪಕರಣಕ್ಕೆ ಎಷ್ಟು ಯೂನಿಟ್ಟು ವ್ಯಯವಾಯಿತೆಂದು ಲೆಕ್ಕ ಹಾಕಲು ಹೇಳಿರಿ. ಅವಳಿಗೆ ಭೌತಶಾಸ್ತ್ರವೂ ತಿಳಿಯುವುದು, ಮನೆಯ ವೆಚ್ಚವೂ ತಿಳಿಯುವುದು. ಮನೆಯ ಸಾಲವೆಷ್ಟು, ಅಜ್ಜಿಯ ಔಷಧಿಗೆ ಎಷ್ಟು ಬೇಕು, ಊರಿನ ಹೊಲವನ್ನು ಏನು ಮಾಡಬೇಕು ಎಂಬುದರಲ್ಲಿ ಅವಳ ಅಭಿಪ್ರಾಯವನ್ನೂ ಕೇಳಿರಿ. ಹಿಂದಿನ ಕಾಲದಲ್ಲಿ ಅವಳ ವಯಸ್ಸಿನವಳಿಗೆ ಆ ಮಾತುಗಳು ಅಡುಗೆಮನೆಯ ಬಾಗಿಲಿನ ಮರೆಯಿಂದ ಕೇಳಿಸುತ್ತಿದ್ದುವು. ಈಗ ಅವಳು ದೀಪದ ಪಕ್ಕದಲ್ಲಿಯೇ ಕುಳಿತು ಕೇಳಲಿ, ಮರುಮಾತನ್ನೂ ಆಡಲಿ.

ಹತ್ತು ದೀಪಗಳನ್ನು ಗಳಿಸಿದುದು ನಮ್ಮ ತಲೆಮಾರುಗಳ ಹಿರಿಮೆ. ಅವುಗಳಲ್ಲಿ ಒಂದನ್ನೂ ನಾವು ಬಿಟ್ಟುಕೊಡಬೇಕಾಗಿಲ್ಲ. ಯಾವ ಹೊತ್ತಿನಲ್ಲಿ ಎಷ್ಟನ್ನು ಉರಿಸಬೇಕು, ಯಾವ ಹೊತ್ತಿನಲ್ಲಿ ಮಕ್ಕಳನ್ನು ಎಬ್ಬಿಸಬೇಕು ಎಂಬುದನ್ನು ಮಾತ್ರ ವಿವೇಕದಿಂದ ಗೊತ್ತುಮಾಡಿಕೊಳ್ಳಬೇಕು. ಬರುವ ಜೂನಿನಲ್ಲಿ ಕಾಲೇಜುಗಳು ಆರಂಭವಾಗುವುದಕ್ಕೆ ಮೊದಲು ಪ್ರತಿಯೊಂದು ಮನೆಯೂ, ಪ್ರತಿಯೊಂದು ವಿದ್ಯಾಸಂಸ್ಥೆಯೂ ತನ್ನ ವೇಳಾಪಟ್ಟಿಯನ್ನು ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸಬೇಕೆಂದು ನಾವು ವಿನಯದಿಂದ ಕೋರುತ್ತೇವೆ.